ಮೀಸಲು ಅಕ್ಕಿಯೊಳಗಿನ ಬ್ಯಾಟರಿ

ವಿಮಾನದ ಹೊಟ್ಟೆಗೆ ಹೋಗುವ ಸಾಮಾನಿನಲ್ಲಿ ಬ್ಯಾಟರಿ ಇಡಬಾರದು. ಈ ಮಾತನ್ನು ನಾನು ಪ್ರತಿ ಯಾತ್ರೆಯಲ್ಲೂ ಬಸ್ಸು ಹೊರಟಾಗ ಒಮ್ಮೆ, ಊಟಕ್ಕೆ ನಿಂತಾಗ ಒಮ್ಮೆ, ವಿಮಾನ ನಿಲ್ದಾಣದ ಬಾಗಿಲಲ್ಲಿ ಮತ್ತೊಮ್ಮೆ ಹೇಳುತ್ತೇನೆ. ಪವರ್ ಬ್ಯಾಂಕು, ಗಡ್ಡ ತೆಗೆಯುವ ಮಷೀನು, ಬ್ಯಾಟರಿ ಇರುವ ಯಾವುದೇ ಆಟಿಕೆ, ಎಲ್ಲ ಕೈಚೀಲಕ್ಕೆ. ಬಳ್ಳಾರಿಯ ಪಾರ್ವತಿನಗರದ ಒಂದು ಸಣ್ಣ ಟ್ರಾವೆಲ್ಸ್ ಆಫೀಸಿನಲ್ಲಿ ನನ್ನ ಕೆಲಸ. ಜನರನ್ನು ಯಾತ್ರೆಗೆ ಕರೆದುಕೊಂಡು ಹೋಗಬೇಕು, ಹೋದಷ್ಟೇ ಜನರನ್ನು ವಾಪಸು ತರಬೇಕು. ನಾನು ಹೇಳಿದ್ದಕ್ಕೆಲ್ಲ ಬಸ್ಸಿಗೆ ಬಸ್ಸೇ ತಲೆಯಾಡಿಸುತ್ತದೆ. ಆಮೇಲೆ ಪ್ರತಿಯೊಬ್ಬರೂ ತಮಗೆ ಬೇಕಾದ ಕಡೆಯೇ ಇಡುತ್ತಾರೆ. ನೋಡಿ ನೋಡಿ ನನಗೆ ಸಿಟ್ಟು ಬರುವುದೂ ಕಡಿಮೆಯಾಗಿತ್ತು.

ಪಶುಪತಿನಾಥನ ದರ್ಶನಕ್ಕೆಂದು ಕಠ್ಮಂಡುವಿಗೆ ಹೊರಟ ಆ ಗುಂಪೂ ಬೇರೆಯೇನಲ್ಲ. ಸಿರುಗುಪ್ಪದಲ್ಲಿ ಕೆಲವರನ್ನು, ಕುರುಗೋಡಿನಲ್ಲಿ ಒಬ್ಬ ನಿವೃತ್ತ ಹೆಡ್ಮಾಸ್ತರು ಮತ್ತು ಅವರ ಬಳಗವನ್ನು, ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಉಳಿದವರನ್ನು ಹತ್ತಿಸಿಕೊಂಡು ಮಿನಿ ಬಸ್ಸು ಬೆಂಗಳೂರಿನ ದಾರಿ ಹಿಡಿಯಿತು. ಆ ದಿನ ದೇವನಹಳ್ಳಿಯ ಹತ್ತಿರದ ಲಾಡ್ಜಿನಲ್ಲಿ ತಂಗಿ, ಮರುದಿನ ಬೆಳಿಗ್ಗೆ ವಿಮಾನ.

ನಮ್ಮ ಕಡೆಯ ಗುಂಪುಗಳಲ್ಲಿ ಬುತ್ತಿಯದೇ ಒಂದು ವ್ಯವಹಾರ. ಒಂದೊಂದು ಮನೆಯವರು ಒಂದೊಂದು ಗಂಟು ತರುತ್ತಾರೆ: ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಉಪ್ಪಿನಕಾಯಿ. ಎಲ್ಲವನ್ನೂ ಒಂದೇ ದೊಡ್ಡ ರಟ್ಟಿನ ಪೆಟ್ಟಿಗೆಗೆ ಹಾಕಿ, ಹಗ್ಗ ಬಿಗಿದು, ನನ್ನ ಹೆಸರಿನಲ್ಲಿ ವಿಮಾನಕ್ಕೆ ಹಾಕುತ್ತೇನೆ. ಹಾಗೆ ಮಾಡಿದರೆ ಯಾರ ಬ್ಯಾಗೂ ತೂಕ ಮೀರುವುದಿಲ್ಲ, ಊಟದ ಹೊತ್ತಿಗೆ ಹುಡುಕಾಟವೂ ಇಲ್ಲ.

ಅವತ್ತು ಆ ಪೆಟ್ಟಿಗೆಗೆ ಒಂದು ಗಂಟು ಮಾತ್ರ ಸೇರಲು ಒಪ್ಪಲಿಲ್ಲ. ಹಳದಿ ಬಟ್ಟೆಯ ಗಂಟು. ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಗುಮಾಸ್ತರ ಹೆಂಡತಿ ಅದನ್ನು ಮನೆಯಿಂದ ಹೊರಟಾಗಿನಿಂದ ಮಡಿಲಲ್ಲೇ ಇಟ್ಟುಕೊಂಡಿದ್ದರು. ಏನದು ಎಂದು ಕೇಳಿದೆ.

"ಮೀಸಲಕ್ಕಿ, ತಮ್ಮಾ" ಅಂದರು. "ಹೊಸ ಅಕ್ಕಿ ಮನಿಗೆ ಬಂದ ದಿನಾನ ತಲಿ ಮ್ಯಾಲ ನೀರು ಹಾಕ್ಕಂಡು ತೆಗೆದಿಟ್ಟೀನಿ. ನಾವಿನ್ನೂ ಬಾಯಿಗೆ ಹಾಕಿದ್ದಿಲ್ಲ. ಸ್ವಾಮಿಗೆ ಒಪ್ಪಿಸಾತನಕ ಯಾರೂ ಮುಟ್ಟಂಗಿಲ್ಲ."

ನಮ್ಮ ಮನೆಯಲ್ಲೂ ಮೀಸಲು ಇಡುತ್ತಿದ್ದರು, ನನಗೆ ಬಿಡಿಸಿ ಹೇಳಬೇಕಿರಲಿಲ್ಲ. ದೇವರಿಗೆಂದು ತೆಗೆದಿಟ್ಟದ್ದನ್ನು ಬೇರೆ ಕೈ ಮುಟ್ಟಿದರೆ ಮೀಸಲು ಮುರಿಯಿತು ಎಂದೇ ಲೆಕ್ಕ. ಮುರಿದದ್ದನ್ನು ಒಪ್ಪಿಸಿದರೆ ಹರಕೆ ಸಲ್ಲುವುದಿಲ್ಲ, ತಿರುಗಿ ಬೀಳುತ್ತದೆ ಎಂದು ನನ್ನ ಅಜ್ಜಿ ಹೆದರಿಸುತ್ತಿದ್ದಳು.

ಹರಕೆ ಏನೆಂದು ಅವರೇ ಹೇಳಿದರು. "ಇವರು ಸಿಗರೇಟು ಬಿಟ್ಟು ವರ್ಷ ಆತು. ಬಳ್ಳಾರಿ ಡಾಕ್ಟ್ರು ಎದಿ ಫೋಟೋ ಬೆಳಕಿಗೆ ಹಿಡಿದು, ಸೇದಾದಿದ್ರ ನನ್ನ ಹತ್ರ ಬರಬ್ಯಾಡ್ರಿ, ಸೀದಾ ಸುಡುಗಾಡಿಗೆ ಹೋಗ್ರಿ ಅಂದಿದ್ರು. ಅವತ್ತ ಮನಿಗೆ ಬಂದ್ರ ಟೀವಿಯಾಗ ಪಶುಪತಿನ ತೋರಸಾಕತ್ತಿದ್ರು. ಬಿಡಿಸಿಕೊಡಪ್ಪಾ, ಮೀಸಲು ತಂದು ಒಪ್ಪಸ್ತೀನಿ ಅಂದೆ. ತಿಂಗಳದಾಗ ಬಿಟ್ರು ನೋಡು." ಪಕ್ಕದಲ್ಲಿ ಗುಮಾಸ್ತರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು. ಅವರ ಬಾಯಿಂದ ಪುದೀನದ ವಾಸನೆ ಬರುತ್ತಿತ್ತು. ಸಿಗರೇಟು ಬಿಟ್ಟವರು ಪೆಪ್ಪರಮೆಂಟು ಚೀಪುವುದು ಸಹಜ, ನಾನು ಹೆಚ್ಚು ಯೋಚಿಸಲಿಲ್ಲ.

ಗಂಟನ್ನು ಕೈಯಲ್ಲೇ ಒಯ್ಯುತ್ತೇನೆ ಎಂದು ಆ ಅಕ್ಕ ಹಟ ಹಿಡಿದರು. ಕೈಸಾಮಾನನ್ನು ಸೆಕ್ಯೂರಿಟಿಯವರು ಬಿಚ್ಚಿಸುವುದು ಹೆಚ್ಚು, ಪೆಟ್ಟಿಗೆಯಲ್ಲಿಟ್ಟರೆ ಯಾರೂ ಮುಟ್ಟುವುದಿಲ್ಲ ಎಂದು ನಾನು ಬುದ್ಧಿ ಹೇಳಿದೆ. ನನ್ನ ಅನುಭವದಲ್ಲಿ ಅದು ನಿಜವೂ ಹೌದು. ಮರುದಿನ ಬೆಳಿಗ್ಗೆ ಲಾಡ್ಜಿನಲ್ಲಿ ಅವರೇ ಸ್ನಾನ ಮಾಡಿ ಬಂದು, ತಮ್ಮ ಕೈಯಾರೆ ಗಂಟನ್ನು ರೊಟ್ಟಿಗಳ ಮೇಲಿಟ್ಟರು. ನಾನು ಹಗ್ಗ ಬಿಗಿದೆ.

ನಿಲ್ದಾಣದಲ್ಲಿ ಬ್ಯಾಗುಗಳೆಲ್ಲ ಒಳಗೆ ಹೋದವು. ಗುಂಪನ್ನು ಪಾಸು ತೋರಿಸುವ ಸಾಲಿನ ಕಡೆಗೆ ತಿರುಗಿಸುತ್ತಿದ್ದಾಗ ವಿಮಾನ ಕಂಪನಿಯ ಹುಡುಗಿ ನನ್ನ ಹೆಸರು ಕೇಳಿಕೊಂಡು ಬಂದಳು. "ಸರ್, ನಿಮ್ಮ ರಟ್ಟಿನ ಬಾಕ್ಸ್ ಹೋಲ್ಡ್ ಆಗಿದೆ, ಬಂದು ಓಪನ್ ಮಾಡಬೇಕು" ಅಂದಳು. ಉಪ್ಪಿನಕಾಯಿ ಸೋರಿರಬೇಕು ಅಂದುಕೊಂಡೆ. ಗುಂಪನ್ನು ಹೆಡ್ಮಾಸ್ತರಿಗೆ ಒಪ್ಪಿಸಿ ಅವಳ ಹಿಂದೆ ಹೋದೆ.

ತಪಾಸಣೆಯ ಕೋಣೆಯಲ್ಲಿ ಅಧಿಕಾರಿ ಪರದೆಯನ್ನು ನನ್ನ ಕಡೆ ತಿರುಗಿಸಿದ. ಆ ಯಂತ್ರದಲ್ಲಿ ತಿನ್ನುವ ಪದಾರ್ಥ, ಬಟ್ಟೆ, ಕಾಗದ ಎಲ್ಲ ಕಿತ್ತಳೆ ಬಣ್ಣದಲ್ಲಿ ಕಾಣುತ್ತದೆ, ಲೋಹ ನೀಲಿಯಾಗಿ ಕಾಣುತ್ತದೆ. ರೊಟ್ಟಿಗಳು ತಿಳಿ ಕಿತ್ತಳೆ. ಅವುಗಳ ಮೇಲೆ ದಟ್ಟ ಕಿತ್ತಳೆಯ ಒಂದು ಉಂಡೆ. ಆ ಉಂಡೆಯ ಹೊಟ್ಟೆಯಲ್ಲಿ ನೀಲಿಯ ಒಂದು ಕಡ್ಡಿ, ಅದರ ಪಕ್ಕ ಸಣ್ಣ ಬಾಟಲಿಗಳ ನೆರಳು.

"ಇದೇನು?" ಎಂದು ಹಿಂದಿಯಲ್ಲಿ ಕೇಳಿದ.

"ಅಕ್ಕಿ. ದೇವರ ಅಕ್ಕಿ."

"ಅಕ್ಕಿಗೆ ಬ್ಯಾಟರಿ ಯಾಕೆ? ಬಿಚ್ಚು."

ನಾನು ಮುಟ್ಟುವ ಹಾಗಿಲ್ಲ ಎಂದೆ. ಅವನು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಬ್ಯಾಟರಿ ಸಿಕ್ಕ ಪೆಟ್ಟಿಗೆ ನನ್ನ ಹೆಸರಿನಲ್ಲಿದೆ, ನಾನು ನೋಡಿದರೆ ಮುಟ್ಟುವುದಿಲ್ಲ ಅನ್ನುತ್ತಿದ್ದೇನೆ. ಅವನ ಜಾಗದಲ್ಲಿ ನಾನಿದ್ದರೂ ಹಾಗೇ ನೋಡುತ್ತಿದ್ದೆ. ಗುಮಾಸ್ತರಿಗೆ ಫೋನು ಮಾಡಿದೆ. ಹಳದಿ ಗಂಟಿನಲ್ಲಿ ಏನೋ ಕಾಣಿಸುತ್ತಿದೆಯಂತೆ ಅಂದದ್ದೇ ತಡ, "ನೀ ಕೂಡು, ನಾ ಹೋಗಿ ಬರ್ತೀನಿ" ಎಂದು ಅವರು ಹೆಂಡತಿಗೆ ಹೇಳುವುದು ನನಗೆ ಕೇಳಿಸಿತು.

ಬಂದವರೇ ತಾವೇ ಗಂಟು ಬಿಚ್ಚಿದರು. ಅವರು ಕೈ ಹಾಕುವ ಮೊದಲೇ ಅಧಿಕಾರಿ ರಬ್ಬರು ಗ್ಲೌಸಿನ ಕೈಯನ್ನು ಮಣಿಕಟ್ಟಿನ ತನಕ ಅಕ್ಕಿಯೊಳಗೆ ಇಳಿಸಿದ. ಕಾಳುಗಳು ಮೇಜಿನ ಮೇಲೆ, ನೆಲದ ಮೇಲೆ ಚೆಲ್ಲಿದವು. ಪೆನ್ನಿಗಿಂತ ದಪ್ಪನೆಯ ಒಂದು ಕಡ್ಡಿ, ಔಷಧದ ಬಾಟಲಿಯಂಥ ಸಣ್ಣ ಬಾಟಲಿಗಳು, ಬಾಯಿಗೆ ಸಿಕ್ಕಿಸಿಕೊಳ್ಳುವ ಬಿಡಿ ತುಂಡುಗಳು ಹೊರಗೆ ಬಂದವು. ಒಂದು ಬಾಟಲಿಯ ಮುಚ್ಚಳ ತೆಗೆದು ಮೂಸಿದ. ಪುದೀನದ ವಾಸನೆ ಕೋಣೆ ತುಂಬಿತು. ಬ್ಯಾಟರಿ ಸಿಗರೇಟು, ಬಾಟಲಿಯ ನಿಕೋಟಿನ್ ರಸವನ್ನು ಕಾಯಿಸಿ ಹೊಗೆ ಎಳೆಯುವ ಇ-ಸಿಗರೇಟು. ದೇಶದಲ್ಲಿ ಮಾರುವಂತಿಲ್ಲ, ಹೊರಗಿನಿಂದ ತರುವಂತಿಲ್ಲ, ಕೂಡಿಡುವಂತಿಲ್ಲ ಎಂದು ಕಾನೂನಾಗಿ ವರ್ಷಗಳೇ ಆಗಿವೆ.

ದೂರು ಬರೆದರೆ ನಿಮ್ಮ ಪ್ರಯಾಣ ಇಲ್ಲಿಗೇ ನಿಲ್ಲುತ್ತದೆ ಎಂದು ಅಧಿಕಾರಿ ಗದರಿಸಿದ. ಗುಮಾಸ್ತರ ಬಿಳಿ ತಲೆ ನೋಡಿ ಮನಸ್ಸು ಬದಲಿಸಿರಬೇಕು. ಎಲ್ಲವನ್ನೂ ಕಿತ್ತುಕೊಂಡು, ಕಟ್ಟಿಕೊಂಡು ಹೋಗಿ ಅಂದ. ಗುಮಾಸ್ತರು ಕಟ್ಟಿದ ಗಂಟು ನಿಲ್ಲಲಿಲ್ಲ. ಮೇಜಿನ ಮೇಲಿದ್ದ ಅಕ್ಕಿಯನ್ನು ಬಳಿದು ಒಳಗೆ ಹಾಕಿ ನಾನೇ ಕಟ್ಟಿದೆ. ಮುಟ್ಟಬಾರದವನು ನಾನೂ ಮುಟ್ಟಿದೆ.

ವಾಪಸು ಬರುವಾಗ ಕಂಬದ ಮರೆಯಲ್ಲಿ ನಿಲ್ಲಿಸಿ ಕೇಳಿದೆ. "ಏನ್ರೀ ಇದು? ಇಡಾಕ ಬೇರೆ ಜಾಗ ಸಿಗಲಿಲ್ಲೇನು ನಿಮಗ?"

"ಅದನ್ನ ಯಾರೂ ಮುಟ್ಟಂಗಿಲ್ಲಲ್ರೀ, ಅದಕ್ಕ ಅದರಾಗ ಇಟ್ಟೆ" ಅಂದರು. ಲಾಡ್ಜಿನಲ್ಲಿ ಅಕ್ಕ ಸ್ನಾನಕ್ಕೆ ಹೋದಾಗ, ಗಂಟು ಬಿಚ್ಚದೆ ಬಟ್ಟೆಯ ಸಂದಿಯಿಂದ ತುರುಕಿದ್ದಂತೆ. ಆ ಮನೆಯಲ್ಲಿ, ಆ ಊರಲ್ಲಿ, ಅದಕ್ಕಿಂತ ಭದ್ರವಾದ ಜಾಗ ಇನ್ನೊಂದಿಲ್ಲ. ಯಂತ್ರಕ್ಕೆ ಮಾತ್ರ ಮೀಸಲು ಗೊತ್ತಿಲ್ಲ.

ಗಿರಣಿ ಮಾಲೀಕರ ನೆಂಟನೊಬ್ಬ ದುಬೈನಿಂದ ಬಂದಾಗ ಅದನ್ನು ಕೊಟ್ಟಿದ್ದನಂತೆ. ಆಮೇಲೂ ಅವನ ಕಡೆಯಿಂದ ಬಾಟಲಿಗಳು ಬರುತ್ತಿದ್ದವು. "ಇದು ಕೈಗೆ ಬಂದ ಮ್ಯಾಲ ಸಿಗರೇಟು ಮುಟ್ಟಿಲ್ರೀ. ಒಂದೂ ಮುಟ್ಟಿಲ್ಲ. ಆಕಿ ದೇವರು ಬಿಡಿಸ್ಯಾನ ಅಂದ್ಲು. ಮುಖ ಅಷ್ಟು ಅರಳಿತ್ತು, ನಾ ಹೂಂ ಅಂದುಬಿಟ್ಟೆ. ಹೇಳಬ್ಯಾಡ್ರಿ ಮ್ಯಾನೇಜರ್ರೇ, ನಿಮಗ ಕೈ ಮುಗೀತೀನಿ." ತಂದೆಯ ವಯಸ್ಸಿನವರು ನಿಲ್ದಾಣದ ನಡುವೆ ಕೈ ಜೋಡಿಸಿದರೆ ಯಾರು ಇಲ್ಲ ಅಂದಾರು? ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಕಠ್ಮಂಡುವಿನ ಹೋಟೆಲಿನಲ್ಲಿ ಪೆಟ್ಟಿಗೆ ಬಿಚ್ಚಿದಾಗ ಅಕ್ಕ ಗಂಟನ್ನು ಕೈಗೆ ತೆಗೆದುಕೊಳ್ಳಲಿಲ್ಲ. ಬಗ್ಗಿ ನೋಡಿ ಹಾಗೇ ನಿಂತರು.

"ಈ ಗಂಟು ನಂದಲ್ಲ, ತಮ್ಮಾ."

"ಸೆಕ್ಯೂರಿಟಿಯವರು ಬಿಚ್ಚಿಸಿ ನೋಡಿದ್ರು ಅಕ್ಕಾರೇ. ಎಲ್ಲಾರದೂ ನೋಡ್ತಾರ."

"ಕೈ ಹಾಕಿದ್ರ?"

ಗುಮಾಸ್ತರು ನನ್ನನ್ನೇ ನೋಡುತ್ತಿದ್ದರು. "ಇಲ್ಲ" ಅಂದೆ. "ಮ್ಯಾಲಿಂದ ನೋಡಿ ಕಟ್ಟಿದ್ರು, ಅಷ್ಟ."

"ಮುಟ್ಟಿದ್ರ ಹೇಳಿಬಿಡು. ಇದು ನನ್ನ ಪಾಲಿಂದಲ್ಲ, ಇವರ ಜೀವದ್ದು."

"ಯಾರೂ ಮುಟ್ಟಿಲ್ಲ ಅಕ್ಕಾರೇ. ನಾ ಅಲ್ಲೇ ಇದ್ನಲ್ಲ."

ಮರುದಿನ ಒಪ್ಪಿಸಿದರು. ಅಲ್ಲಿನ ಪೂಜಾರಿಗಳಲ್ಲಿ ನಮ್ಮ ಕರ್ನಾಟಕದವರೇ ಇದ್ದಾರೆ. ಯಾವೂರ ಅಕ್ಕಿ ತಾಯಿ ಎಂದು ಕನ್ನಡದಲ್ಲೇ ಕೇಳಿದಾಗ ಅಕ್ಕನ ಕಣ್ಣಲ್ಲಿ ನೀರು ಬಂತು. ಸಿರುಗುಪ್ಪದ್ದು ಅಂದರು. ಗುಮಾಸ್ತರು ಅವರ ಹಿಂದೆ ತಲೆ ತಗ್ಗಿಸಿ ನಿಂತಿದ್ದರು. ನಾನು ಚಪ್ಪಲಿ ಕಾಯುವ ನೆಪದಲ್ಲಿ ಹೊರಗೆ ಬಂದೆ, ಒಳಗೆ ನಿಲ್ಲಲು ಆಗಲಿಲ್ಲ.

ಆಮೇಲೆ ಗುಮಾಸ್ತರ ಕಷ್ಟ ಶುರುವಾಯಿತು. ಊಟದ ತಟ್ಟೆ ದೂಡುತ್ತಿದ್ದರು, ಚಳಿಯಲ್ಲೂ ಬೆವರುತ್ತಿದ್ದರು. ಚಹಾ ತಡವಾಯಿತೆಂದು ಹೋಟೆಲಿನವನ ಮೇಲೆ ಕೂಗಾಡಿದರು. ಅಂಥ ಮನುಷ್ಯ ಅಲ್ಲ ಅವರು. ಯಾರಾದರೂ ಸೇದುತ್ತಿದ್ದರೆ ಅವರ ಹತ್ತಿರ ಹೋಗಿ ಸುಮ್ಮನೆ ನಿಲ್ಲುತ್ತಿದ್ದರು. ನಾನು ಔಷಧದ ಅಂಗಡಿ ಹುಡುಕಿ ನಿಕೋಟಿನ್ ಚೂಯಿಂಗ್ ಗಮ್ ತಂದುಕೊಟ್ಟೆ. ಅದು ಅವರ ಕಟ್ಟಿಸಿದ ಹಲ್ಲಿಗೆ ಅಂಟಿಕೊಂಡು ಮೇಲಿನ ಸೆಟ್ಟೇ ಕಿತ್ತು ಬಂತು. ಇಬ್ಬರಿಗೂ ನಗು ಬಂತು. ನಕ್ಕು ಮುಗಿದ ಮೇಲೆ ಅವರು ಹಲ್ಲಿನ ಸೆಟ್ಟನ್ನು ಕೈಯಲ್ಲಿ ಹಿಡಿದು, "ಇದೂ ಆಗಂಗಿಲ್ಲ ನೋಡ್ರಿ ನಂಗ" ಅಂದರು. ಆ ಮುಖ ನೋಡಲಾಗಲಿಲ್ಲ.

ಅಕ್ಕ ಮಾತ್ರ ಇದನ್ನೆಲ್ಲ ಚಳಿಯ ತಲೆಗೆ ಕಟ್ಟಿದ್ದರು. ಗಂಡನಿಗೆ ಮಫ್ಲರು ಸುತ್ತಿ, ಮೆಣಸಿನ ಕಷಾಯ ಮಾಡಿಸಿ ಕುಡಿಸುತ್ತಿದ್ದರು.

ಒಂದು ದಿನ ಬೆಳಿಗ್ಗೆ ಗುಮಾಸ್ತರು ಇದ್ದಕ್ಕಿದ್ದಂತೆ ಸಮಾಧಾನವಾಗಿದ್ದರು. ಹೆಡ್ಮಾಸ್ತರ ಮೊಣಕಾಲು ನೋವನ್ನು ವಿಚಾರಿಸಿಕೊಂಡರು, ಎರಡು ರೊಟ್ಟಿ ಹೆಚ್ಚಿಗೆ ತಿಂದರು. ಪುದೀನದ ವಾಸನೆ ಮತ್ತೆ ಬಂದಿತ್ತು. ಪ್ರವಾಸಿಗರ ಬೀದಿಯ ಅಂಗಡಿಯಲ್ಲಿ ಹೊಸದನ್ನು ಕೊಂಡಿದ್ದರು, ಅಲ್ಲಿ ಅದನ್ನು ಗಾಜಿನ ಕಪಾಟಿನಲ್ಲಿ ಜೋಡಿಸಿಟ್ಟು ಮಾರುತ್ತಾರೆ. ನಾನು ನೋಡಿಯೂ ನೋಡದವನ ಹಾಗೆ ಇದ್ದೆ. ಊರಿಗೆ ಹೊರಡುವ ತನಕ ಎಲ್ಲ ತಣ್ಣಗಿರಲಿ ಅನಿಸಿತ್ತು.

ಹೆಡ್ಮಾಸ್ತರು ಹಾಗೆ ಬಿಡುವವರಲ್ಲ. ಮಾಳಿಗೆಯ ಮೇಲೆ ಗುಮಾಸ್ತರು ಹೊಗೆ ಬಿಡುವುದನ್ನು ಅವರು ಕಂಡಿದ್ದರು. ಹೊರಡುವ ದಿನ ನನ್ನನ್ನು ಪಕ್ಕಕ್ಕೆ ಕರೆದರು.

"ಅಲ್ರೀ, ಅದನ್ನ ಇಟ್ಟುಕೊಂಡು ಬೆಂಗಳೂರಾಗ ಇಳಿದ್ರ ಏನಾಗತೈತಿ ಗೊತ್ತೈತೇನು? ನಾ ಪೇಪರಿನಾಗ ಓದೀನಿ. ಅವರೊಬ್ಬರ ಚಟಕ್ಕ ನಾವೆಲ್ಲಾ ಅಲ್ಲಿ ಸಾಲಾಗಿ ಕೂಡಬೇಕ?"

"ನಾ ನೋಡ್ಕಂತೀನಿ ಸರ್."

"ಹೋಗಾಗ ಆ ಪೆಟ್ಟಿಗಿ ಯಾಕ ಬಿಚ್ಚಿಸಿದ್ರು ಅಂತ ನಾ ಕೇಳಿಲ್ಲ. ನನ್ನ ಕೈಲಿ ಕೇಳಿಸಬ್ಯಾಡ್ರಿ" ಅಂದರು. ಮೇಷ್ಟ್ರ ಕಣ್ಣು ಎಲ್ಲ ಕಂಡಿತ್ತು.

ಹೆಡ್ಮಾಸ್ತರು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಅದೇ ನನ್ನ ಸಂಕಟ. ಕೈಚೀಲದಲ್ಲಿಟ್ಟುಕೊಂಡರೆ ಅಲ್ಲಿಂದ ವಿಮಾನ ಹತ್ತಲು ಅಡ್ಡಿಯಾಗದಿರಬಹುದು. ಆದರೆ ಬೆಂಗಳೂರಿನಲ್ಲಿ ಇಳಿದ ಕ್ಷಣ ಅದು ನಿಷೇಧಿಸಿದ ಸಾಮಾನನ್ನು ಹೊರಗಿನಿಂದ ತಂದಂತೆ. ಕಸ್ಟಮ್ಸ್‌ನವರು ಕಿತ್ತುಕೊಂಡು ಬಿಡಬಹುದು, ಕೇಸನ್ನೂ ಹಾಕಬಹುದು. ಒಮ್ಮೆ ಕರುಣೆ ಸಿಕ್ಕಿದೆ, ಇನ್ನೊಮ್ಮೆ ಸಿಗುತ್ತದೆಂದು ನಂಬಿ ಹೋಗುವುದು ನನ್ನ ಕೆಲಸದಲ್ಲಿ ನಡೆಯುವುದಿಲ್ಲ. ಕೇಸಾದರೆ ಅಕ್ಕನಿಗೆ ಎಲ್ಲ ತಿಳಿಯುತ್ತದೆ, ಅದೂ ಹತ್ತು ಜನರ ಎದುರಿಗೆ. ಕಿತ್ತು ಎಸೆದರೆ ಈ ಮನುಷ್ಯ ಸಿಗರೇಟಿಗೆ ಹೋಗುತ್ತಾನೆ. ಆ ಬ್ಯಾಟರಿಯದೂ ಅಮೃತವೇನಲ್ಲ ಎಂದು ನನಗೆ ಗೊತ್ತು. ಯಾವುದು ಎಷ್ಟು ಕೆಟ್ಟದ್ದು ಎಂದು ತೂಗುವವನು ನಾನಲ್ಲ. ಆದರೆ ಅವತ್ತು ತೂಗುವ ಕೆಲಸ ನನ್ನ ಪಾಲಿಗೇ ಬಂತು.

ಕಠ್ಮಂಡು ನಿಲ್ದಾಣದ ಹೊರಗೆ, ಅಕ್ಕ ಬೇರೆ ಹೆಂಗಸರ ಜೊತೆ ಫೋಟೋ ತೆಗೆಸಿಕೊಳ್ಳುತ್ತಿದ್ದಾಗ ನಾನು ಗುಮಾಸ್ತರ ಮುಂದೆ ಕೈ ಒಡ್ಡಿದೆ.

"ಕೊಡ್ರಿ."

ಅವರು ಏನು ಎಂದು ಕೇಳಲಿಲ್ಲ. "ಇದು ಹೋದ್ರ ನಾ ಸಿಗರೇಟಿಗೆ ಹೋಗ್ತೀನ್ರೀ. ನನ್ನ ಹಣೆಬರಹ ನಂಗ ಗೊತ್ತೈತಿ."

"ಕಾನೂನು ಐತ್ರೀ. ನಾ ಏನು ಮಾಡಲಿ?"

"ಸಿಗರೇಟು ಸೇದಾಕ ಕಾನೂನು ಅಡ್ಡ ಬರಂಗಿಲ್ಲ. ಬಿಡಾಕ ಅಡ್ಡ ಬರತೈತಿ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ, ಗಿರಣಿಯಲ್ಲಿ ಅಕ್ಕಿಯ ದರ ಹೇಳುವ ಹಾಗೆ ಹೇಳಿದರು. ನಾನು, "ಚಟ ಬಿಡಿಸಾಕ ಚಿಕಿತ್ಸೆ ಮಾಡಾರು ಅದಾರ, ಬಳ್ಳಾರಿಗೆ ಹೋದ್ಕೂಡಲೇ ತೋರಸೂಣು, ನಾನೇ ಕರ್ಕಂಡು ಹೋಗ್ತೀನಿ" ಅಂದೆ. ಹೂಂ ಅಂದರು. ಹೆಂಡತಿಗೆ ಅಂದ ಹೂಂ ಕೂಡ ಹೀಗೇ ಇದ್ದಿರಬೇಕು.

ಜೇಬಿನಿಂದ ತೆಗೆದು ನನ್ನ ಅಂಗೈ ಮೇಲಿಟ್ಟರು. ಅದಿನ್ನೂ ಬೆಚ್ಚಗಿತ್ತು. ಬಾಗಿಲ ಪಕ್ಕದ ಕಸದ ಡಬ್ಬಿಯಲ್ಲಿ, ಜನ ಬಿಸಾಕಿದ ನೀರಿನ ಬಾಟಲಿಗಳ ಮೇಲೆ ಅದನ್ನು ಹಾಕಿ ಗುಂಪನ್ನು ಒಳಗೆ ನಡೆಸಿದೆ. ಬೆಂಗಳೂರಿನಲ್ಲಿ ನಮ್ಮ ಬ್ಯಾಗುಗಳನ್ನು ಯಾರೂ ತಿರುಗಿ ನೋಡಲಿಲ್ಲ. ಎಲ್ಲರೂ ಸಲೀಸಾಗಿ ಹೊರಗೆ ಬಂದೆವು. ಅಂದರೆ ತರಬಹುದಿತ್ತು.

ಬಳ್ಳಾರಿಗೆ ವಾಪಸು ಬರುವಾಗ ಅನಂತಪುರದ ಹೆದ್ದಾರಿಯಲ್ಲಿ ಸಂಜೆಯ ಚಹಾಕ್ಕೆ ಬಸ್ಸು ನಿಲ್ಲಿಸಿದೆ. ಗುಮಾಸ್ತರು ಎಲ್ಲರಿಗಿಂತ ಮೊದಲು ಇಳಿದರು. ಚಹಾದ ಅಂಗಡಿ ದಾಟಿ ಪಕ್ಕದ ಪಾನ್ ಡಬ್ಬಿ ಅಂಗಡಿಗೆ ಹೋದರು. "ಸಿಗರೆಟ್ ಒಕಟಿ" ಎಂದು ತೆಲುಗಿನಲ್ಲಿ ಒಂದು ಸಿಗರೇಟು ಕೇಳಿದ್ದು ನನಗೆ ಕೇಳಿಸಿತು. ನೇತುಹಾಕಿದ್ದ ಹಗ್ಗದ ಕಿಡಿಗೆ ತುದಿ ಹಿಡಿದು, ಕಣ್ಣು ಮುಚ್ಚಿ ಒಳಗೆ ಎಳೆದುಕೊಂಡರು. ನಾನು ಬಸ್ಸಿನ ಕಡೆ ತಿರುಗಿದೆ. ಅಕ್ಕ ಕಿಟಕಿಯಲ್ಲಿ ಕೂತು ನೋಡುತ್ತಿದ್ದರು. ಪ್ರಸಾದ ಕಟ್ಟಿಕೊಂಡಿದ್ದ ಆ ಹಳದಿ ಬಟ್ಟೆಯ ಗಂಟನ್ನು ಬೆರಳಿನಿಂದ ಸವರುತ್ತಿದ್ದರು.

ಚಿಕಿತ್ಸೆಗೆಂದು ನಾನು ಮಾಡಿದ ಫೋನುಗಳಿಗೆ ಗುಮಾಸ್ತರು ಮೊದಮೊದಲು ಏನೋ ನೆಪ ಹೇಳಿದರು. ಆಮೇಲೆ ಎತ್ತುವುದನ್ನೇ ಬಿಟ್ಟರು.

ಮುಂದಿನ ಭತ್ತ ಮನೆಗೆ ಬಂದ ಕಾಲಕ್ಕೆ ಅಕ್ಕ ಒಬ್ಬರೇ ಪಾರ್ವತಿನಗರದ ನಮ್ಮ ಆಫೀಸಿಗೆ ಬಂದರು. ಗಂಡನನ್ನು ಬಳ್ಳಾರಿಯ ದವಾಖಾನೆಗೆ ಸೇರಿಸಿ ನಾಲ್ಕೈದು ದಿನವಾಗಿತ್ತಂತೆ. ಮೂಗಿಗೆ ನಳಿಗೆ ಹಾಕಿದ್ದಾರೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಆದರೂ ದಿಂಬಿನ ಕೆಳಗೆ ಪ್ಯಾಕೆಟ್ಟು ಸಿಕ್ಕಿತು ಎಂದರು. ನಾನು ನೀರು ಕೊಟ್ಟೆ. ಕುಡಿಯಲಿಲ್ಲ.

"ಅವತ್ತ ಮೀಸಲು ಮುರಿದಿತ್ತು, ಹೌದಲ್ಲ ತಮ್ಮಾ?"

ನಾನು ಬಾಯಿ ತೆರೆಯುವ ಮೊದಲೇ ಅವರು ಕೈ ಅಡ್ಡ ಹಿಡಿದರು.

"ನೀ ಏನೂ ಹೇಳಬ್ಯಾಡ. ಗಂಟು ನೋಡಿದ್ಕೂಡಲೇ ನಂಗ ಗೊತ್ತಾಗಿತ್ತು. ಅಷ್ಟು ದೂರ ಬಂದೀವಿ, ಬರಿಗೈಲಿ ಹೆಂಗ ಹೋಗೂದು ಅಂತ ಒಪ್ಪಿಸಿಬಿಟ್ಟೆ. ದೇವರಿಗೆ ಗೊತ್ತಾಗದ ಇರತೈತ? ನನ್ನ ತಪ್ಪಿಗೆ ಇವರು ಸಾಯಾಕತ್ತಾರ."

ತಪ್ಪು ನಿಮ್ಮದಲ್ಲ ಎಂದು ಹೇಳಬೇಕಿದ್ದರೆ ಯಾರದೆಂದು ಹೇಳಬೇಕಾಗುತ್ತಿತ್ತು. ನಳಿಗೆ ಹಾಕಿಕೊಂಡು ಮಲಗಿದವರಿಗೆ ಕೊಟ್ಟ ಮಾತಿತ್ತು. ಅದಕ್ಕಿಂತ ಹೆಚ್ಚಾಗಿ, ದೇವರು ಬಿಡಿಸಿದ್ದ ಎಂಬ ನಂಬಿಕೆಯೊಂದನ್ನೂ ಅಕ್ಕನ ಕೈಯಿಂದ ಕಿತ್ತು ಡಬ್ಬಿಗೆ ಹಾಕಲು ನನಗೆ ಧೈರ್ಯ ಬರಲಿಲ್ಲ.

ಅಕ್ಕ ಚೀಲದಿಂದ ಹೊಸ ಹಳದಿ ಗಂಟೊಂದನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು. ಮೇಜಿನ ಮೇಲೆ ಇಡಲಿಲ್ಲ. ಪಶುಪತಿಗೆ ಹೋಗುವ ಮುಂದಿನ ಗುಂಪಿಗೆ ತಮ್ಮ ಹೆಸರು ಸೇರಿಸಬೇಕು, ಈ ಸಲ ಒಬ್ಬರದೇ ಎಂದರು.

"ಕೈಯಾಗ ಹಿಡ್ಕಂಡು ಹೋಗ್ತೀನಿ. ಬಿಚ್ಚಸ್ತಾರ ತಮ್ಮಾ?"

"ಒಳಗ ಅಕ್ಕಿ ಬಿಟ್ಟು ಬ್ಯಾರೇನೂ ಇರಲಿಲ್ಲಂದ್ರ ಯಾರೂ ಮುಟ್ಟಂಗಿಲ್ಲ, ಅಕ್ಕಾರೇ."

ಅವರು ನನ್ನ ಮುಖ ನೋಡಿದರು.

"ಮೀಸಲಿನಾಗ ಅಕ್ಕಿ ಬಿಟ್ಟು ಇನ್ನೇನು ಇರತೈತಿ?" ಅಂದರು.

ಟಿಕೆಟಿಗೆಂದು ನಾನು ಅವರ ವೋಟರ್ ಕಾರ್ಡು ಕೇಳಿದೆ.